ಅಗರ್ತಲಾ–ಅಖೌರಾ: ಹಳಿ ಕೂಡಿದರೂ ಸರಕು ಏಕೆ ಸಾಗಲಿಲ್ಲ

2023ರ ನವೆಂಬರ್ 1ರಂದು ಭಾರತ ಮತ್ತು ಬಾಂಗ್ಲಾದೇಶದ ಪ್ರಧಾನಿಗಳು ಜಂಟಿಯಾಗಿ, ವಿಡಿಯೊ ಸಂಪರ್ಕದ ಮೂಲಕ, ಅಗರ್ತಲಾ–ಅಖೌರಾ ರೈಲು ಮಾರ್ಗವನ್ನು ಉದ್ಘಾಟಿಸಿದರು. ಮಾರ್ಗದ ಉದ್ದ 12.24 ಕಿಲೋಮೀಟರ್, ಅದರಲ್ಲಿ 5.46 ಕಿಲೋಮೀಟರ್ ತ್ರಿಪುರಾದಲ್ಲಿಯೂ 6.78 ಕಿಲೋಮೀಟರ್ ಬಾಂಗ್ಲಾದೇಶದಲ್ಲಿಯೂ ಇದೆ. ಅದಕ್ಕೆ ಎರಡು ದಿನ ಮುಂಚೆ ಬಾಂಗ್ಲಾದ ಗಂಗಾಸಾಗರ ನಿಲ್ದಾಣದಿಂದ ಖಾಲಿ ವ್ಯಾಗನ್‌ಗಳ ಪ್ರಾಯೋಗಿಕ ಗಾಡಿಯೊಂದು ಗಡಿ ದಾಟಿ ನಮ್ಮ ನಿಶ್ಚಿಂತಪುರಕ್ಕೆ ಬಂದು ಹೋಗಿತ್ತು. ಮರುವರ್ಷದ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬದಲಾಯಿತು, ಎರಡು ದೇಶಗಳ ಸಂಬಂಧ ಬಿಗಿಯಾಯಿತು. ಈ ಮಾರ್ಗದಲ್ಲಿ ವ್ಯಾಪಾರ ಹುಟ್ಟದಿರುವುದಕ್ಕೆ ರಾಜಕೀಯವೇ ಕಾರಣ ಎಂಬ ಮಾತು ಅಲ್ಲಿಂದ ಮುಂದೆ ಚಾಲ್ತಿಗೆ ಬಂತು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಉದ್ಘಾಟನೆಯಿಂದ ಆ ಆಗಸ್ಟ್‌ವರೆಗಿನ ಒಂಬತ್ತು ತಿಂಗಳು, ಎರಡೂ ಸರ್ಕಾರಗಳು ಮನಃಪೂರ್ವಕವಾಗಿ ಈ ಮಾರ್ಗವನ್ನು ಬಯಸಿದ್ದಾಗಲೂ, ಅಲ್ಲಿ ನಿಯಮಿತವಾಗಿ ಒಂದು ಗೂಡ್ಸ್ ಗಾಡಿ ಓಡಲಿಲ್ಲ. ಸರಕು ಸಾಗಣೆಯ ಯೋಜನೆಯಲ್ಲಿ ವೃತ್ತಿ ಕಳೆದ ನನ್ನಂಥವರು ಯೋಚಿಸಬೇಕಾದದ್ದು ಆ ಒಂಬತ್ತು ತಿಂಗಳುಗಳ ಬಗ್ಗೆ.

ಮಾರ್ಗದ ಅಗತ್ಯದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಅಸ್ಸಾಂ–ಬಂಗಾಳ ರೈಲ್ವೆಯು ಚಿತ್ತಗಾಂಗ್ ಬಂದರಿನಿಂದ ಅಖೌರಾ, ಬದರ್‌ಪುರ, ಲಮ್ಡಿಂಗ್ ಮೂಲಕ ಮೇಲಣ ಅಸ್ಸಾಮಿಗೆ ಹಾಕಿದ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ) ಹಳಿ 1904ರಲ್ಲಿ ಪೂರ್ಣಗೊಂಡಾಗ, ಅದರ ಉದ್ದೇಶ ಚಹಾವನ್ನು ಹತ್ತಿರದ ಬಂದರಿಗೆ ಇಳಿಸುವುದಾಗಿತ್ತು. ಅಗರ್ತಲಾಕ್ಕೆ ಹತ್ತು ಕಿಲೋಮೀಟರಿನೊಳಗೆ ಇರುವ ಅಖೌರಾ ಜಂಕ್ಷನ್ನೇ ಆಗ ತ್ರಿಪುರಾ ಸಂಸ್ಥಾನದ ರೈಲು ಬಾಗಿಲು. 1947ರ ವಿಭಜನೆ ಆ ಬಾಗಿಲನ್ನು ಪರದೇಶಕ್ಕೆ ಸೇರಿಸಿತು. ಮೂರು ಕಡೆ ಬಾಂಗ್ಲಾದಿಂದ ಸುತ್ತುವರಿದು, 856 ಕಿಲೋಮೀಟರ್ ಅಂತರರಾಷ್ಟ್ರೀಯ ಗಡಿ ಹೊಂದಿರುವ ತ್ರಿಪುರಾಕ್ಕೆ ಉಳಿದದ್ದು ಅಸ್ಸಾಮಿನ ಬೆಟ್ಟಗಳ ಮೂಲಕ ಸುತ್ತಿ ಬರುವ ದಾರಿಯೊಂದೇ. 1964ರಲ್ಲಿ ಉತ್ತರದ ಧರ್ಮನಗರಕ್ಕೆ ಬಂದ ಮೀಟರ್ ಗೇಜ್ ಹಳಿ ರಾಜಧಾನಿ ಅಗರ್ತಲಾವನ್ನು ಮುಟ್ಟಿದ್ದು 2008ರಲ್ಲಿ. ಬ್ರಾಡ್ ಗೇಜ್ ಪ್ರಯಾಣಿಕ ಗಾಡಿ ಓಡಿದ್ದು 2016ರಲ್ಲಿ. ಆ ದಾರಿಯಾದರೂ ಮಳೆಗಾಲದಲ್ಲಿ ನಂಬಿಕೆಗೆ ಅರ್ಹವಲ್ಲ. 2022ರ ಮೇ ತಿಂಗಳಲ್ಲಿ ಅಸ್ಸಾಮಿನ ಡಿಮಾ ಹಸಾವೊ ಜಿಲ್ಲೆಯ ನ್ಯೂ ಹಾಫ್ಲಾಂಗ್ ನಿಲ್ದಾಣದ ಮೇಲೆ ಗುಡ್ಡದ ಕೆಸರು ಹರಿದು ನಿಂತ ಬೋಗಿಗಳನ್ನೇ ಉರುಳಿಸಿದಾಗ, ತ್ರಿಪುರಾದ ರೈಲು ಸಂಪರ್ಕ ವಾರಗಟ್ಟಲೆ ಕಡಿದುಹೋಯಿತು. ಅದೇ ವರ್ಷ ಇಂಧನದ ಟ್ಯಾಂಕರ್‌ಗಳನ್ನು ಬಾಂಗ್ಲಾದ ರಸ್ತೆಯ ಮೂಲಕ ತ್ರಿಪುರಾಕ್ಕೆ ತರುವ ಏರ್ಪಾಡು ಆಯಿತು. ಅಗರ್ತಲಾದಿಂದ ಕೋಲ್ಕತ್ತಾಕ್ಕೆ ಗುವಾಹಟಿ ಸುತ್ತಿಕೊಂಡು ಸುಮಾರು 1,600 ಕಿಲೋಮೀಟರ್. ಢಾಕಾ ಮೂಲಕವಾದರೆ ಸುಮಾರು 500.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ಯೋಜನೆ ತಾನಾಗಿಯೇ ಸಮರ್ಥನೆಗೊಂಡಂತೆ ಕಾಣುತ್ತದೆ, ಮತ್ತು ಯೋಜನೆ ಎಡವಿದ್ದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. 2010ರಲ್ಲಿ ತಾತ್ವಿಕ ಒಪ್ಪಿಗೆ, 2013ರಲ್ಲಿ ಒಡಂಬಡಿಕೆ, 2016ರ ಜುಲೈನಲ್ಲಿ ಶಂಕುಸ್ಥಾಪನೆ ಎಂದು ಮುಂದುವರಿದ ಈ ಕೆಲಸದ ಬಾಂಗ್ಲಾ ಭಾಗಕ್ಕೂ ಭಾರತವೇ 392.52 ಕೋಟಿ ರೂಪಾಯಿ ಅನುದಾನ ಕೊಟ್ಟಿತು. ಭೂಸ್ವಾಧೀನ, ಗದ್ದೆಗಳ ಮೇಲಿನ ಮೇಲ್ಸೇತುವೆ, ಕೋವಿಡ್ ಕಾಲದ ವಿಳಂಬ ಇವೆಲ್ಲ ಯಾವ ರೈಲು ಯೋಜನೆಯಲ್ಲೂ ಇರುವಂಥವು. ಗಡಿಯ ಎರಡು ಬದಿಯ ಹಳಿಗಳ ನಡುವಿನ ಖಾಲಿ ಜಾಗವನ್ನು ತುಂಬುವುದೇ ಕೆಲಸ ಎಂದು ಎಲ್ಲರೂ ಭಾವಿಸಿದರು. ಸರಕಿನ ದೃಷ್ಟಿಯಿಂದ ಕೆಲಸ ಅದಲ್ಲ. ಹೊರಟ ಜಾಗದಿಂದ ತಲುಪುವ ಜಾಗದವರೆಗೆ ವ್ಯಾಗನ್ ಎಲ್ಲೆಲ್ಲಿ ನಿಲ್ಲುತ್ತದೆ, ಎಷ್ಟು ಗಂಟೆ ನಿಲ್ಲುತ್ತದೆ, ಏನನ್ನು ತುಂಬಿಕೊಂಡು ಹಿಂತಿರುಗುತ್ತದೆ ಎಂಬುದನ್ನು ಮೊದಲು ಬರೆದುಕೊಂಡು, ಅನಂತರ ಹಳಿಯ ನಕ್ಷೆಗೆ ಕೈ ಹಾಕಬೇಕು.

ಮೊದಲ ತೊಡಕು ಗೇಜಿನದು. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್, ಮೀಟರ್ ಗೇಜ್ 1,000. ಬಾಂಗ್ಲಾದೇಶದಲ್ಲಿ ಜಮುನಾ ನದಿಯ ಪಶ್ಚಿಮಕ್ಕೆ ಹೆಚ್ಚಾಗಿ ಬ್ರಾಡ್ ಗೇಜ್, ಪೂರ್ವಕ್ಕೆ ಮೀಟರ್ ಗೇಜ್ ಬೆಳೆದುಬಂದಿದೆ. ಎರಡರ ನಡುವಿನ ಅಂತರ 676 ಮಿಲಿಮೀಟರ್ ಇರುವುದರಿಂದ ಹಳಿಗಳನ್ನು ಹೊರುವ ಒಂದೇ ಅಡ್ಡತೊಲೆಯ (ಸ್ಲೀಪರ್‌ನ) ಮೇಲೆ ಮೂರನೆಯ ಹಳಿ ಕೂಡಿಸಿ ಎರಡೂ ಬಗೆಯ ಗಾಡಿಗಳನ್ನು ಓಡಿಸಲು ಸಾಧ್ಯ. ರಷ್ಯಾ ಮಾದರಿಯ 1,520 ಮತ್ತು ಯುರೋಪಿನ 1,435ರ ನಡುವೆ ಕೇವಲ 85 ಮಿಲಿಮೀಟರ್ ವ್ಯತ್ಯಾಸವಿರುವುದರಿಂದ, ಹಳಿಯ ಬುಡವೇ ಅದಕ್ಕಿಂತ ಅಗಲವಾಗಿದ್ದು, ಅಲ್ಲಿ ಮೂರನೆಯ ಹಳಿಗೆ ಜಾಗವೇ ಇಲ್ಲ. ಆ ಮಟ್ಟಿಗೆ ನಾವು ಅನುಕೂಲವಂತರು. ಅಖೌರಾ ಸಂಪರ್ಕದ ಬಾಂಗ್ಲಾ ಭಾಗವನ್ನು ಈ ಮೂರು ಹಳಿಯ ಡ್ಯುಯಲ್ ಗೇಜ್ ಆಗಿಯೇ ಕಟ್ಟಲಾಗಿದೆ. ಅಖೌರಾದಿಂದ ದಕ್ಷಿಣದ ಲಾಕ್ಸಾಮ್‌ವರೆಗಿನ 72 ಕಿಲೋಮೀಟರ್ ಕೂಡ 2023ರ ಜುಲೈನಲ್ಲಿ ಡ್ಯುಯಲ್ ಗೇಜ್ ಜೋಡಿ ಹಳಿಯಾಗಿ ತೆರೆಯಿತು. ಆದರೆ ಉತ್ತರಕ್ಕೆ, ಢಾಕಾ ಬಳಿಯ ಟೊಂಗಿಯಿಂದ ಅಖೌರಾವರೆಗೆ ಇದ್ದದ್ದು ಮೀಟರ್ ಗೇಜ್. ಲಾಕ್ಸಾಮ್‌ನಿಂದ ಚಿತ್ತಗಾಂಗ್‌ವರೆಗೆ ಇದ್ದದ್ದೂ ಮೀಟರ್ ಗೇಜ್. ಅಂದರೆ ಉದ್ಘಾಟನೆಯ ದಿನ ಅಗರ್ತಲಾದಿಂದ ಒಂದು ಬ್ರಾಡ್ ಗೇಜ್ ರೇಕ್ (ಒಟ್ಟಿಗೆ ಓಡುವ ವ್ಯಾಗನ್‌ಗಳ ಸಾಲು) ಕೋಲ್ಕತ್ತಾಕ್ಕಾಗಲಿ, ಚಿತ್ತಗಾಂಗ್ ಬಂದರಿಗಾಗಲಿ ಸರಾಗವಾಗಿ ತಲುಪುವ ಸಾಧ್ಯತೆಯೇ ಇರಲಿಲ್ಲ. 1,600 ಕಿಲೋಮೀಟರನ್ನು 500ಕ್ಕೆ ಇಳಿಸುವ ಮಾತು ನಕ್ಷೆಯ ಮೇಲೆ ನಿಜವಾಗಿತ್ತು, ಹಳಿಯ ಮೇಲೆ ಆಗಿರಲಿಲ್ಲ.

ಗೇಜ್ ಬದಲಾಗುವ ಜಾಗದಲ್ಲಿ ಏನಾಗುತ್ತದೆ ಎಂಬುದು ಕರ್ನಾಟಕದ ಹಿರಿಯರಿಗೆ ಗೊತ್ತಿರುವ ವಿಷಯ. ಮದರಾಸಿನ ಕಡೆಯಿಂದ ಬರುವ ಬ್ರಾಡ್ ಗೇಜ್ ಮತ್ತು ಮೈಸೂರು, ಹುಬ್ಬಳ್ಳಿಯ ಕಡೆಗೆ ಹೋಗುವ ಮೀಟರ್ ಗೇಜ್ ಬೆಂಗಳೂರಿನಲ್ಲಿ ಸಂಧಿಸುತ್ತಿದ್ದ ಕಾಲದಲ್ಲಿ ಸಿಮೆಂಟು, ಗೊಬ್ಬರ, ಧಾನ್ಯದ ಮೂಟೆಗಳನ್ನು ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತು ಹಾಕುತ್ತಿದ್ದರು. ಸರಕು ಚೆಲ್ಲುತ್ತಿತ್ತು, ನೆನೆಯುತ್ತಿತ್ತು, ದಿನಗಳು ಹೋಗುತ್ತಿದ್ದವು. ಗೇಜ್ ಬದಲಾವಣೆ ಎಂದರೆ ವ್ಯಾಪಾರಕ್ಕೆ ಕುತ್ತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದು ಆ ಅನುಭವದಿಂದ.

ಕಂಟೇನರ್ ಬಂದ ಮೇಲೆ ಆ ನಂಬಿಕೆಯನ್ನು ಪರಿಷ್ಕರಿಸಬೇಕು. ಚೀನಾದಿಂದ ಪೋಲೆಂಡಿಗೆ ಹೋಗುವ ಕಂಟೇನರ್ ಗಾಡಿಗಳ ಪೆಟ್ಟಿಗೆಗಳು ಕಜಾಕಿಸ್ತಾನದ ಗಡಿಯಲ್ಲಿ ಒಮ್ಮೆ, ಬೆಲಾರೂಸ್–ಪೋಲೆಂಡ್ ಗಡಿಯಲ್ಲಿ ಇನ್ನೊಮ್ಮೆ ಗೇಜ್ ಬದಲಿಸುತ್ತವೆ. ಅಲ್ಲಿ ಯಾರೂ ಮೂಟೆ ಹೊರುವುದಿಲ್ಲ. ಕ್ರೇನು ಮುಚ್ಚಿದ ಪೆಟ್ಟಿಗೆಯನ್ನು ಒಂದು ಗಾಡಿಯಿಂದ ಎತ್ತಿ ಪಕ್ಕದ ಗಾಡಿಯ ಮೇಲಿಡುತ್ತದೆ. ಗೇಜ್ ಬೇರೆಯಾಗಿರುವುದು ತಾನಾಗಿಯೇ ವ್ಯಾಪಾರವನ್ನು ಕೊಲ್ಲುವುದಿಲ್ಲ. ಗೇಜ್ ಬದಲಿಸುವ ಯಾರ್ಡನ್ನು ಸರಿಯಾಗಿ ಕಟ್ಟದಿರುವುದು ಕೊಲ್ಲುತ್ತದೆ.

ಇದರಿಂದ ಹೊರಡುವ ಒಂದು ಸಲಹೆಯನ್ನು ನಾನು ಗಂಭೀರವಾಗಿ ಮುಂದಿಡುತ್ತೇನೆ. ಚಿತ್ತಗಾಂಗ್ ಬಂದರಿನಿಂದ ಢಾಕಾದ ಕಮಲಾಪುರದಲ್ಲಿರುವ ಒಳನಾಡು ಕಂಟೇನರ್ ಡಿಪೋಗೆ ದಶಕಗಳಿಂದ ಮೀಟರ್ ಗೇಜ್ ಕಂಟೇನರ್ ಗಾಡಿಗಳು ಓಡುತ್ತಿವೆ. ಆ ಗಾಡಿಗಳ ಹಾದಿ ಲಾಕ್ಸಾಮ್, ಗಂಗಾಸಾಗರ, ಅಖೌರಾಗಳ ಮೂಲಕವೇ. ಅಂದರೆ ತ್ರಿಪುರಾಕ್ಕೆ ಬೇಕಾದ ಸೇವೆ ಅದರ ಗಡಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಆಗಲೇ ಹಾದುಹೋಗುತ್ತಿದೆ. ಬಾಂಗ್ಲಾದ ಮುಖ್ಯ ಮಾರ್ಗಗಳೆಲ್ಲ ಬ್ರಾಡ್ ಗೇಜ್ ಆಗುವವರೆಗೆ ಕಾಯುವ ಬದಲು, ಅದೇ ಮೀಟರ್ ಗೇಜ್ ಫ್ಲ್ಯಾಟ್ ವ್ಯಾಗನ್‌ಗಳ ಒಂದು ಗುಂಪನ್ನು ಗಂಗಾಸಾಗರದಿಂದ ನಿಶ್ಚಿಂತಪುರಕ್ಕೆ ತಿರುಗಿಸಿ, ಅಲ್ಲಿ ಕಂಟೇನರನ್ನು ಬ್ರಾಡ್ ಗೇಜಿಗೋ ಲಾರಿಗೋ ವರ್ಗಾಯಿಸಿದರೆ ಸಾಕು. ಇದಕ್ಕೆ ವ್ಯಾವಹಾರಿಕ ನೆಲೆಯೂ ಇದೆ. ಚಿತ್ತಗಾಂಗ್ ಮತ್ತು ಮೊಂಗ್ಲಾ ಬಂದರುಗಳನ್ನು ಭಾರತದ ಸರಕಿಗೆ ಬಳಸುವ ಒಪ್ಪಂದ 2018ರಲ್ಲಿ ಆಗಿದೆ. 2020ರ ಜುಲೈನಲ್ಲಿ ಕೋಲ್ಕತ್ತಾದಿಂದ ಹಡಗಿನಲ್ಲಿ ಚಿತ್ತಗಾಂಗಿಗೆ ಬಂದ ಕಬ್ಬಿಣದ ಸರಳು ಮತ್ತು ಬೇಳೆಯ ಕಂಟೇನರ್‌ಗಳು ಪ್ರಾಯೋಗಿಕವಾಗಿ ಅಖೌರಾ ಮೂಲಕ ಅಗರ್ತಲಾ ತಲುಪಿವೆ. ಆದರೆ ಬಂದರಿನಿಂದ ಅಗರ್ತಲಾವರೆಗೆ ಅವು ಬಂದದ್ದು ಲಾರಿಯಲ್ಲಿ. ಆ ತುಂಡನ್ನು ಹಳಿಗೆ ತರುವುದೇ ಈ 12 ಕಿಲೋಮೀಟರಿನ ಮೊದಲ ಕೆಲಸವಾಗಬೇಕಿತ್ತು. ಢಾಕಾ ಮೂಲಕ ಕೋಲ್ಕತ್ತಾಕ್ಕೆ ನೇರ ರೈಲು ಎಂಬ ದೊಡ್ಡ ಗುರಿಯ ನೆರಳಿನಲ್ಲಿ, ಕೈಗೆಟುಕುವ ಈ ಗುರಿ ಯಾರ ಗಮನಕ್ಕೂ ಬೀಳಲಿಲ್ಲ ಎಂಬುದು ನನಗೆ ನಿಜವಾಗಿ ನೋವು ತರುವ ಸಂಗತಿ.

ಎರಡನೆಯ ತೊಡಕು ಗಡಿಯ ಯಾರ್ಡಿನದು. ಗೂಡ್ಸ್ ಗಾಡಿ ಗಡಿ ದಾಟುವಾಗ ಎಂಜಿನ್ ಮತ್ತು ಸಿಬ್ಬಂದಿ ಬದಲಾಗುತ್ತಾರೆ, ಪ್ರತಿ ವ್ಯಾಗನ್ನಿನ ಬ್ರೇಕು, ಕೊಂಡಿ, ಚಕ್ರಗಳನ್ನು ಎರಡೂ ರೈಲ್ವೆಯವರು ಪರೀಕ್ಷಿಸಿ ಸಹಿ ಮಾಡುತ್ತಾರೆ, ಕಸ್ಟಮ್ಸ್ ಕಾಗದಗಳು ಒಂದು ಕಡೆ ಮುಗಿದು ಇನ್ನೊಂದು ಕಡೆ ಶುರುವಾಗುತ್ತವೆ. ಇವುಗಳಲ್ಲಿ ಯಾವುದು ತಡವಾದರೂ ಇಡೀ ರೇಕ್ ನಿಲ್ಲುತ್ತದೆ, ಹಿಂದಿನ ಗಾಡಿಗೆ ನಿಲ್ಲಲು ಪಕ್ಕದ ಹಳಿ (ಲೂಪ್ ಲೈನ್) ಸಿಗುವುದಿಲ್ಲ. ಕಸ್ಟಮ್ಸ್ ತಪಾಸಣೆಯನ್ನು ಗಡಿಯಿಂದ ಒಳಕ್ಕೆ ಒಯ್ಯುವುದು ಇದಕ್ಕೆ ಪರಿಹಾರ. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋದಲ್ಲಿ ಕಸ್ಟಮ್ಸ್ ಮುಗಿಸಿ ಸೀಲು ಹಾಕಿದ ಪೆಟ್ಟಿಗೆ ಬಂದರಿನಲ್ಲಿ ಸಾಮಾನ್ಯವಾಗಿ ಮತ್ತೆ ತೆರೆಯುವುದಿಲ್ಲ. ಅಂಥದೇ ನಂಬಿಕೆಯನ್ನು ಎಲೆಕ್ಟ್ರಾನಿಕ್ ಸೀಲಿನ ಆಧಾರದ ಮೇಲೆ ಎರಡು ದೇಶಗಳ ನಡುವೆ ಕಟ್ಟಬೇಕು. ಇದು ಕಲ್ಪನೆಯ ಮಾತಲ್ಲ. ಬಾಂಗ್ಲಾದ ರಫ್ತು ಸರಕು ಮುಚ್ಚಿದ ಕಂಟೇನರ್‌ಗಳಲ್ಲಿ ರೈಲಿನ ಮೂಲಕ ಭಾರತದ ಒಳನಾಡು ಡಿಪೋಗಳವರೆಗೆ ಬಂದು ಅಲ್ಲಿಯೇ ಕಸ್ಟಮ್ಸ್ ಮುಗಿಸಲು ನಮ್ಮ ಕಸ್ಟಮ್ಸ್ ಮಂಡಳಿ 2022ರ ಮೇ ತಿಂಗಳಲ್ಲಿಯೇ ಅವಕಾಶ ಕೊಟ್ಟಿದೆ.

ಹಿಂತಿರುಗುವ ಸರಕಿನ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಒಂದು ದೇಶದ ವ್ಯಾಗನ್ ಇನ್ನೊಂದು ದೇಶದಲ್ಲಿ ಇರುವಷ್ಟು ದಿನವೂ ಬಾಡಿಗೆ ಏರುತ್ತಿರುತ್ತದೆ. ಖಾಲಿಯಾಗಿ ಮರಳಿದರೆ ಹೋದ ದಾರಿಯ ಸರಕೇ ಎರಡೂ ದಾರಿಯ ಖರ್ಚನ್ನು ಹೊರಬೇಕು. ಅಗರ್ತಲಾ ಚೆಕ್‌ಪೋಸ್ಟಿನಲ್ಲಿ ಬಾಂಗ್ಲಾದಿಂದ ಬರುವ ಸಿಮೆಂಟು, ಮೀನು, ಜಲ್ಲಿಯಂಥ ಸರಕು ಹೆಚ್ಚು, ಇಲ್ಲಿಂದ ಹೋಗುವುದು ತೀರ ಕಡಿಮೆ. ಆದ್ದರಿಂದ ತ್ರಿಪುರಾದ ರಬ್ಬರನ್ನು ಈ ಲೆಕ್ಕದಲ್ಲಿ ಮುಂದೆ ತರಬೇಕು. ಕೇರಳವನ್ನು ಬಿಟ್ಟರೆ ದೇಶದಲ್ಲಿ ಹೆಚ್ಚು ರಬ್ಬರು ಬೆಳೆಯುವ ರಾಜ್ಯ ಅದು. ರಬ್ಬರ್ ಶೀಟು ಬೇಗ ಕೆಡುವುದಿಲ್ಲ, ಕಂಟೇನರಿಗೆ ಹೊಂದುತ್ತದೆ. ಅಸ್ಸಾಮಿನ ಬರಾಕ್ ಕಣಿವೆಯ ಚಹಾ ಈ ದಾರಿಯ ಹಳೆಯ ಗಿರಾಕಿ.

ಸರಕಿನ ಪ್ರಮಾಣವೂ ಮುಖ್ಯ. 42 ಮುಚ್ಚಿದ ವ್ಯಾಗನ್‌ಗಳ ಬ್ರಾಡ್ ಗೇಜ್ ರೇಕ್ ಒಂದೇ ಬಾರಿಗೆ 2,500 ಟನ್ನಿಗೂ ಹೆಚ್ಚು ಹೊರಬಲ್ಲದು, ಆದರೆ ಗಡಿ ಪ್ರದೇಶದ ವ್ಯಾಪಾರಿಯ ಬಳಿ ಅಷ್ಟು ಸರಕು ಒಟ್ಟಿಗೆ ಇರುವುದಿಲ್ಲ. 2020ರ ಜುಲೈನಲ್ಲಿ ಗುಂಟೂರಿನ ರೆಡ್ಡಿಪಾಲೆಂನಿಂದ ಬಾಂಗ್ಲಾದ ಬೆನಾಪೋಲ್‌ಗೆ ಹೋದ ಒಣ ಮೆಣಸಿನಕಾಯಿಯ ಪಾರ್ಸೆಲ್ ಗಾಡಿ ಈ ವಿಷಯದಲ್ಲಿ ಒಳ್ಳೆಯ ಪಾಠ. ಪೂರ್ಣ ಗೂಡ್ಸ್ ಗಾಡಿಗೆ ಬೇಕಾದ 1,500 ಟನ್ನಿಗೂ ಮಿಗಿಲಾದ ಸರಕನ್ನು ಕೂಡಿಹಾಕುವುದು ರೈತರಿಗೂ ವ್ಯಾಪಾರಿಗಳಿಗೂ ಕಷ್ಟವಾಗಿದ್ದರಿಂದ, ರೈಲ್ವೆ ಸಣ್ಣ ಪಾರ್ಸೆಲ್ ಗಾಡಿಯನ್ನು ಕೊಟ್ಟಿತು. 384 ಟನ್ ಮೆಣಸಿನಕಾಯಿ ಹೋಯಿತು. ರಸ್ತೆಯಲ್ಲಿ ಟನ್ನಿಗೆ ಸುಮಾರು 7,000 ರೂಪಾಯಿ ಬೀಳುತ್ತಿದ್ದ ಸಾಗಣೆ ವೆಚ್ಚ ರೈಲಿನಲ್ಲಿ 4,608 ರೂಪಾಯಿಗೆ ಇಳಿಯಿತು. ಇದು ಸಾಧ್ಯವಾದದ್ದು ಹೊಸ ಹಳಿಯಿಂದಲ್ಲ, ಇದ್ದ ಹಳಿಯ ಮೇಲೆ ಗಾಡಿಯ ಗಾತ್ರವನ್ನು ಗಿರಾಕಿಗೆ ತಕ್ಕಂತೆ ಹೊಂದಿಸಿದ್ದರಿಂದ ಎಂಬುದನ್ನು ಬ್ಯಾಡಗಿಯ ಮೆಣಸಿನಕಾಯಿ ವರ್ತಕರಿಗೆ ಯಾರೂ ವಿವರಿಸಬೇಕಾಗಿಲ್ಲ.

ಗಡಿ ದಾಟುವ ಹಳಿ ಚಿಕ್ಕದಾಗಿದ್ದೂ ಚೆನ್ನಾಗಿ ದುಡಿಯುವ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಬಿಹಾರದ ರಕ್ಸೌಲಿನಿಂದ ನೇಪಾಳದ ಬೀರ್‌ಗಂಜ್ ಬಳಿಯ ಸಿರ್ಸಿಯಾ ಒಣಬಂದರಿಗೆ (ಒಳನಾಡಿನಲ್ಲಿ ಕಂಟೇನರ್ ಇಳಿಸಿ ಕಸ್ಟಮ್ಸ್ ಮುಗಿಸುವ ಕೇಂದ್ರಕ್ಕೆ) ಹೋಗುವ ಬ್ರಾಡ್ ಗೇಜ್ ಹಳಿ ಕೆಲವೇ ಕಿಲೋಮೀಟರಿನದು. ಕೋಲ್ಕತ್ತಾ ಮತ್ತು ವಿಶಾಖಪಟ್ಟಣ ಬಂದರುಗಳಿಂದ ನೇಪಾಳದ ಆಮದು ಸರಕು ಸೀಲು ಹಾಕಿದ ಕಂಟೇನರ್‌ಗಳಲ್ಲಿ ನೇರವಾಗಿ ಅಲ್ಲಿಗೆ ಸೇರುತ್ತದೆ. ಅಲ್ಲಿ ಮೊದಲು ಹುಟ್ಟಿದ್ದು ಒಣಬಂದರು ಮತ್ತು ಕಾಯಂ ಸರಕು. 2004ರ ರೈಲು ಸೇವಾ ಒಪ್ಪಂದ ಅದರ ಮೇಲೆ ನಿಂತಿತು. ಬಹುಕಾಲ ಒಂದೇ ಸಂಸ್ಥೆಯ ಕೈಯಲ್ಲಿದ್ದ ಕಂಟೇನರ್ ಸೇವೆಯನ್ನು 2021ರಲ್ಲಿ ಎಲ್ಲ ಪರವಾನಗಿದಾರರಿಗೂ ತೆರೆದದ್ದು ಅನಂತರದ ಹೆಜ್ಜೆ. ಅಖೌರಾದಲ್ಲಿ ಈ ಕ್ರಮ ತಲೆಕೆಳಗಾಯಿತು: ಹಳಿ ಮೊದಲು ಬಂತು, ಸರಕಿನ ಒಪ್ಪಂದ ಹಿಂದೆ ಉಳಿಯಿತು.

ಎರಡು ಸರ್ಕಾರಗಳು ಮತ್ತೆ ಮಾತಿಗೆ ಕೂತಾಗ ಮೇಜಿನ ಮೇಲೆ ಮೊದಲು ಇರಬೇಕಾದದ್ದು ಇನ್ನೊಂದು ಹೊಸ ಮಾರ್ಗದ ನಕ್ಷೆಯಲ್ಲ. ನಿಶ್ಚಿಂತಪುರದಲ್ಲಿ ಕಂಟೇನರ್ ಎತ್ತುವ ಯಂತ್ರಗಳನ್ನು ಯಾರು ಇಡುತ್ತಾರೆ, ಚಿತ್ತಗಾಂಗ್‌ನಿಂದ ಅಗರ್ತಲಾಕ್ಕೆ ಒಂದೇ ರಸೀದಿಯಲ್ಲಿ ಒಂದೇ ದರ ಹೇಗೆ ನಿಗದಿಯಾಗುತ್ತದೆ, ಆ ದರದಲ್ಲಿ ಬಾಂಗ್ಲಾದೇಶ ರೈಲ್ವೆಯ ಪಾಲು ಎಷ್ಟು, ಗಡಿಯಲ್ಲಿ ಗಾಡಿ ಗೊತ್ತುಪಡಿಸಿದ ಗಂಟೆಗಳಿಗಿಂತ ಹೆಚ್ಚು ನಿಂತರೆ ಯಾವ ಕಡೆಯವರು ದಂಡ ತೆರುತ್ತಾರೆ ಎಂಬ ನಾಲ್ಕು ವಿಷಯಗಳು ಕಾಗದದಲ್ಲಿ ಬರಬೇಕು. ಬಾಂಗ್ಲಾದ ಪಾಲು ಅದರ ರೈಲ್ವೆಗೆ ನಿಜವಾದ ಆದಾಯವಾಗಿ ಕಾಣುವಷ್ಟು ಇರಲೇಬೇಕು, ಏಕೆಂದರೆ ತನ್ನ ಇಕ್ಕಟ್ಟಿನ ಮುಖ್ಯ ಮಾರ್ಗದಲ್ಲಿ ನೆರೆದೇಶದ ಗಾಡಿಗೆ ಜಾಗ ಬಿಡುವ ಟ್ರಾಫಿಕ್ ಅಧಿಕಾರಿ ತನ್ನ ಪ್ರಯಾಣಿಕ ಗಾಡಿಗಳ ವೇಳಾಪಟ್ಟಿಯನ್ನು ಬದಿಗೆ ಸರಿಸಿಯೇ ಅದನ್ನು ಕೊಡಬೇಕಾಗುತ್ತದೆ.