ಸರಳೆಯಲ್ಲೇ ನಿಂತ ಪಾಠ

ಸಕಲೇಶಪುರದ ಕಡೆ ಶಾಲೆಯ ಮಕ್ಕಳಿಗೆ ‘ನಿಮ್ಮೂರಿನ ಚಿತ್ರ ಬರೀರಿ’ ಎಂದು ಹೇಳಿ ನೋಡಿ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ಗುಡಿಸಲು, ತೆಂಗಿನಮರ. ಕಿಟಕಿಯಾಚೆ ಹುಲ್ಲು ಹೊದ್ದ ದುಂಡು ಗುಡ್ಡಗಳಿವೆ, ತೋಟದ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಅವು ಹಾಳೆಗೆ ಬರುವುದಿಲ್ಲ. ಬೋರ್ಡಿನ ಮೇಲಿರುವುದನ್ನು ಇಳಿಸಿಕೊಳ್ಳುವುದೇ ಚಿತ್ರ ಎಂದು ಮಕ್ಕಳಿಗೆ ಕಲಿಸಿದವರು ದೊಡ್ಡವರಾದ ನಾವೇ. ಈ ಅಭ್ಯಾಸದ ಬೇರು ತುಂಬ ಹಿಂದಿದೆ.

ಚಿತ್ರಕಲೆ ನಮ್ಮ ಕಡೆ ತರಗತಿಯ ಪಾಠವಾದದ್ದು ಕಲ್ಪನೆಗಾಗಿ ಅಲ್ಲ, ಕಸುಬಿಗಾಗಿ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಮದ್ರಾಸಿನಲ್ಲಿ ಕಲಾಶಾಲೆ ತೆರೆದರು. ಕಾರ್ಖಾನೆಗಳಿಗೆ ವಿನ್ಯಾಸಗಾರರನ್ನು ತಯಾರು ಮಾಡಲು ಬ್ರಿಟನ್ನಿನಲ್ಲಿ ರೂಪುಗೊಂಡ ಸೌತ್ ಕೆನ್ಸಿಂಗ್ಟನ್ ಪದ್ಧತಿ ಮುಂದೆ ಇಲ್ಲಿಗೂ ಬಂತು: ಗೆರೆ ಪಳಗಿಸು, ಜ್ಯಾಮಿತಿ ಕಲಿ, ಮಾದರಿ ನೋಡಿ ನಕಲು ಮಾಡು. ಮೈಸೂರು ಸಂಸ್ಥಾನದಲ್ಲಿ ಚಿತ್ರಕಲೆ ಕಲಿಸಿದ ಹೆಸರಾಂತ ಸಂಸ್ಥೆಯನ್ನೂ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಎಂದೇ ಕರೆದರು. ಡ್ರಾಯಿಂಗ್ ಮೇಷ್ಟ್ರ ಪಾಠವೂ, ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳೂ ಇದೇ ದಾರಿಯಲ್ಲಿ ನಡೆದವು.

ಬೇರೆ ದಾರಿಯೂ ಇತ್ತು. ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ 1897ರಲ್ಲೇ ಮಕ್ಕಳಿಗೆ ತಮಗೆ ತೋಚಿದ್ದನ್ನು ಬರೆಯಲು ಬಿಟ್ಟರು. 1919ರಲ್ಲಿ ಶಾಂತಿನಿಕೇತನದ ಕಲಾಭವನ ಹುಟ್ಟಿತು. ಅಲ್ಲಿ ಕಲಿತ ದೇವಿ ಪ್ರಸಾದ್ ಗಾಂಧೀಜಿಯ ಸೇವಾಗ್ರಾಮಕ್ಕೆ ಹೋಗಿ ಹಳ್ಳಿಯ ಮಕ್ಕಳ ಕೈಗೆ ಬಣ್ಣ ಕೊಟ್ಟರು. ಸಾಮಾನ್ಯ ಶಾಲೆಯ ವೇಳಾಪಟ್ಟಿಯವರೆಗೆ ಆ ಗಾಳಿ ಬೀಸಲಿಲ್ಲ.

ಹಾಗಂತ ನಕಲು ಕೆಟ್ಟದ್ದು, ಮಕ್ಕಳನ್ನು ಸುಮ್ಮನೆ ಬಿಟ್ಟರೆ ಸಾಕು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಹಾಸನ ಜಿಲ್ಲೆಯೇ ಅದಕ್ಕೆ ಉತ್ತರ ಕೊಡುತ್ತದೆ. ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿಯಿದೆ. ಅಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ಶಿಲ್ಪಿಗಳು ಕೆತ್ತಿದ್ದಾರೆ. ಶಿಲ್ಪಶಾಸ್ತ್ರದ ಲೆಕ್ಕ ಇಬ್ಬರಿಗೂ ಒಂದೇ, ಕೈ ಮಾತ್ರ ಬೇರೆ. ಇದು ನನ್ನ ಕೆಲಸ ಎಂದು ಹೆಸರನ್ನೂ ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಂತೂ ಸಂಗೀತಗಾರರ ಊರು, ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ಅವರು ಹಾಡಿದ ಕರ್ನಾಟಕ ಸಂಗೀತದಲ್ಲಿ ಕಲಿಕೆ ಶುರುವಾಗುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಸ್ವರಗಳ ಮೊದಲ ಅಭ್ಯಾಸದಿಂದ. ಆಮೇಲೆ ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿ. ಗುರು ಹೇಳಿದ್ದನ್ನು ಹಾಗೆಯೇ ಒಪ್ಪಿಸಬೇಕು. ಆದರೆ ಪಾಠ ಅಲ್ಲಿಗೆ ಮುಗಿಯುವುದಿಲ್ಲ. ಹಾಡುತ್ತಲೇ ತಾನಾಗಿ ಕಟ್ಟುವ ಆಲಾಪನೆ, ನೆರವಲ್, ಕಲ್ಪನಾಸ್ವರ ಬರಬೇಕು. ನೆರವಲ್‌ನಲ್ಲಿ ಸಾಹಿತ್ಯದ ಒಂದೇ ಸಾಲನ್ನು ತನ್ನ ಮನೋಧರ್ಮಕ್ಕೆ ತಕ್ಕಂತೆ ಹತ್ತು ಬಗೆಯಲ್ಲಿ ಹಾಡಬೇಕು. ಅಲ್ಲಿಯವರೆಗೆ ಕಲಿಯುವವನನ್ನು ಯಾರೂ ವಿದ್ವಾಂಸ ಅನ್ನುವುದಿಲ್ಲ.

ನಮ್ಮ ಶಾಲೆ ಸರಳೆಯನ್ನು ಇಟ್ಟುಕೊಂಡು ನೆರವಲನ್ನು ಕೈಬಿಟ್ಟಿತು.

ಕಾಗದದ ಮೇಲೆ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೇ ತರಗತಿಯವರೆಗೂ ಕಡ್ಡಾಯ ಮಾಡಬೇಕೆಂಬ ವಾದವನ್ನು ಮುಂದಿಟ್ಟಿತು. 2020ರ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳ ಜೊತೆ ಬೆರೆಸಬೇಕೆಂದಿತು. ಆದರೆ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಚಿತ್ರಕ್ಕೂ ಹಾಡಿಗೂ ಜಾಗ ಸಿಗಲಿಲ್ಲ. ಪರೀಕ್ಷೆ ಹತ್ತಿರ ಬಂದರೆ ಡ್ರಾಯಿಂಗ್ ಪಿರಿಯಡ್ ಗಣಿತಕ್ಕೆ ಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ಕಲಾಬೋಧಕರನ್ನು ಕೊಡುತ್ತದೆ, ಅದೂ ಅರೆಕಾಲಿಕ, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ. ಆಲೂರು, ಸಕಲೇಶಪುರದ ಒಳಹಳ್ಳಿಗಳಲ್ಲಿ ಬೆರಳೆಣಿಕೆಯ ಮಕ್ಕಳಿರುವ ಶಾಲೆಗೆ ಈ ನಿಯಮದಿಂದ ಏನು ಸಿಕ್ಕೀತು?

ಉಳಿದಿರುವುದು ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿ. ಅದರಿಂದ ಎಷ್ಟೋ ಹಳ್ಳಿಯ ಮಕ್ಕಳು ವೇದಿಕೆ ಕಂಡಿದ್ದಾರೆ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಸೋಬಾನೆ ಹೇಳುವ ನಮ್ಮ ಹೆಂಗಸರು ಮದುಮಗಳ ಹೆಸರು, ಅವಳ ತವರಿನ ಕೆರೆ, ಸೋದರಮಾವನ ಬಿಗುಮಾನ ಎಲ್ಲವನ್ನೂ ನಿಂತ ನಿಲುವಿನಲ್ಲೇ ಪದಕ್ಕೆ ಸೇರಿಸುತ್ತಾರೆ. ಅದೇ ಪದ ಸ್ಪರ್ಧೆಗೆ ಬಂದಾಗ ಮೊಬೈಲಿನಲ್ಲಿ ಕೇಳಿದ ಹಾಗೆಯೇ, ಉಸಿರೆಳೆಯುವ ಜಾಗವೂ ತಪ್ಪದಂತೆ ಬರುತ್ತದೆ. ಒಮ್ಮೆ ತೀರ್ಪುಗಾರಳಾಗಿ ಕೂತಿದ್ದೆ. ಒಬ್ಬ ಹುಡುಗಿ ಪದದ ನಡುವೆ ತನ್ನ ಅಕ್ಕನ ಹೆಸರು ಸೇರಿಸಿ, ಎರಡು ಸಾಲು ತಾನೇ ಕಟ್ಟಿ ಹಾಡಿದಳು. ಸಾಹಿತ್ಯ ತಪ್ಪಿತೆಂದು ಪಕ್ಕದವರು ಅಂಕ ಕಳೆದರು. ನಾನು ಪೂರ್ತಿ ಕೊಟ್ಟೆ. ಅವಳಿಗೆ ಮೂರನೇ ಸ್ಥಾನವೂ ಬರಲಿಲ್ಲ.