ತುಂಬಿದಷ್ಟೂ ಸುಮ್ಮನಾಗುವ ಹೊಳೆ

ಆಗಸ್ಟಿನಲ್ಲಿ ತೊಕ್ಕೊಟ್ಟಿನ ಬಸ್ಸು ನೇತ್ರಾವತಿ ಸೇತುವೆಗೆ ಬಂದಾಗ ನಾನು ಕಿಟಕಿಯಿಂದ ನೋಡುವುದು ಕೆಳಗಿನ ಕಂಬಗಳನ್ನು. ಕೆಂಪು ನೀರು ಕಂಬಕ್ಕೆ ಬಡಿದು, ಎರಡಾಗಿ ಸೀಳಿ, ಹಿಂದೆ ಸುಳಿ ಸುತ್ತುತ್ತಾ ಹೋಗುತ್ತದೆ. ಹೊಳೆ ತುಂಬಿದಷ್ಟೂ ಗಲಾಟೆ ಜಾಸ್ತಿ. ನಾನು ಲ್ಯಾಬಿನಲ್ಲಿ ವರ್ಷಗಟ್ಟಲೆ ನೋಡಿದ ಹೊಳೆ ಇದಕ್ಕೆ ಪೂರ್ತಿ ಉಲ್ಟಾ. ತುಂಬಿಸಿದರೆ ಗಲಾಟೆ ನಿಲ್ಲುತ್ತದೆ. ಅಲ್ಲಿ ಹರಿಯುವುದು ನೀರಲ್ಲ, ಬೆಳಕು.

ಕ್ಲಾಸಿನಲ್ಲಿ ಇಷ್ಟು ಹೇಳಿದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ ಕೇಳುತ್ತಾರೆ: "ಸರ್, ಬೆಳಕು ದ್ರವ ಆಗ್ತದಾ?"

ಸುಮ್ನೆ ಬಿಟ್ಟರೆ ಆಗುವುದಿಲ್ಲ. ಎರಡು ಟಾರ್ಚ್ ಅಡ್ಡಡ್ಡ ಹಿಡಿದು ನೋಡಿ, ಒಂದರ ಬೆಳಕು ಇನ್ನೊಂದನ್ನು ಮುಟ್ಟದೆ ದಾಟಿ ಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟ ಬೆಳಕಿಗೆ ಬರಬೇಕಾದರೆ ಯಾರಾದರೂ ಸಾಲ ಕೊಡಬೇಕು. ಕೊಡುವುದು ಅರೆವಾಹಕ, ಅಂದರೆ ಚಿಪ್ಪುಗಳಲ್ಲಿ ಬಳಸುವ ಸೆಮಿಕಂಡಕ್ಟರ್.

ಎದುರುಬದುರು ಎರಡು ಕನ್ನಡಿ, ನಡುವೆ ಗ್ಯಾಲಿಯಂ ಆರ್ಸೆನೈಡ್‌ನಂಥ ಅರೆವಾಹಕದ ತೆಳು ಪದರ. ಕನ್ನಡಿ ಅಂದರೆ ಸಲೂನಿನದ್ದಲ್ಲ, ನೀರುದೋಸೆ ಪೇರಿಸಿದ ಹಾಗೆ ಹತ್ತಾರು ತೆಳು ಪದರಗಳನ್ನು ಒಂದರ ಮೇಲೊಂದು ಬೆಳೆಸಿದ್ದು. ಒಳಗೆ ಸಿಕ್ಕಿಬಿದ್ದ ಬೆಳಕನ್ನು ಅರೆವಾಹಕ ನುಂಗುತ್ತದೆ, ಆಗ ಒಂದು ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ ಜೋಡಿಯಾಗುತ್ತವೆ, ಇದಕ್ಕೆ ಎಕ್ಸೈಟಾನ್ ಅನ್ನುತ್ತೇವೆ. ಮರುಕ್ಷಣ ಅದು ಮತ್ತೆ ಬೆಳಕಾಗುತ್ತದೆ, ಮತ್ತೆ ಎಕ್ಸೈಟಾನ್. ಈ ಕೊಡುಕೊಳ್ಳುವಿಕೆ ಎಷ್ಟು ವೇಗವೆಂದರೆ ಯಾವುದು ಬೆಳಕು ಯಾವುದು ವಸ್ತು ಅಂತ ಬಿಡಿಸಲು ಆಗುವುದೇ ಇಲ್ಲ. ಆ ಬೆರಕೆಯೇ ಪೋಲರಿಟಾನ್. ಇಂಥ ಕನ್ನಡಿಗಳ ನಡುವೆ ಇದನ್ನು ಮೊದಲು ತೋರಿಸಿದ್ದು 1992ರಲ್ಲಿ, ಫ್ರಾನ್ಸಿನ ಕ್ಲೋಡ್ ವೈಸ್‌ಬುಷ್ ಮತ್ತು ಅವರ ಜಪಾನಿ ಸಹೋದ್ಯೋಗಿಗಳು.

ಬೆಳಕಿನ ಪಾಲಿನಿಂದ ಇದು ತೀರಾ ಹಗುರ, ಎಲೆಕ್ಟ್ರಾನಿನ 10,000ದಲ್ಲಿ ಒಂದು ಪಾಲು, ಕೆಲವೊಮ್ಮೆ ಇನ್ನೂ ಕಡಿಮೆ. ಹಗುರವಾದಷ್ಟೂ ಕಣಗಳು ಒಂದೇ ಅಲೆಯಾಗಿ ಕೂಡಿಕೊಳ್ಳಲು ಬೇಕಾದ ಚಳಿ ಕಡಿಮೆ. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾದಲ್ಲಿ ಕೂತು ಬರೆದ ಲೆಕ್ಕದಿಂದ ಹುಟ್ಟಿದ ವಿಷಯ ಇದು. 1995ರಲ್ಲಿ ರುಬಿಡಿಯಂ ಪರಮಾಣುಗಳನ್ನು ಹೀಗೆ ಕೂಡಿಸಲು, ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನಿಂದ ಎಣಿಸುವ ಕೆಲ್ವಿನ್ ಅಳತೆಯಲ್ಲಿ, ಒಂದು ಕೆಲ್ವಿನ್‌ನ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಕೆಳಗೆ ಇಳಿಯಬೇಕಾಯಿತು. ಪೋಲರಿಟಾನುಗಳಿಗೆ 2006ರಲ್ಲಿ ಸುಮಾರು 20 ಕೆಲ್ವಿನ್ ಸಾಕಾಯಿತು. 2017ರಲ್ಲಿ ಇಟಲಿಯ ಲೆಚ್ಚೆಯಲ್ಲಿ ಸಾವಯವ ವಸ್ತು ಬಳಸಿ ಕೋಣೆಯ ಉಷ್ಣತೆಯಲ್ಲೇ ಅಡೆತಡೆಯಿಲ್ಲದ ಹರಿವು ತೋರಿಸಿದರು. (ಅವರ ಕೋಣೆ, ನಮ್ಮ ಮಂಗಳೂರಿನ ಏಪ್ರಿಲ್ ಅಲ್ಲ.)

ಈ ದ್ರವಕ್ಕೆ ಒಂದು ದೊಡ್ಡ ರೋಗ, ಸೋರುವುದು. ಕನ್ನಡಿಯಿಂದ ಬೆಳಕು ತಪ್ಪಿಸಿಕೊಳ್ಳುತ್ತಲೇ ಇರುತ್ತದೆ, ಒಂದು ಪೋಲರಿಟಾನಿನ ಆಯಸ್ಸು ಸಾಮಾನ್ಯವಾಗಿ ಕೆಲವು ಪಿಕೊಸೆಕೆಂಡ್. ಪಿಕೊಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ತೂತಾದ ಕೊಡಪಾನವನ್ನು ನಲ್ಲಿಯ ಕೆಳಗೆ ಇಟ್ಟ ಹಾಗೆ, ಲೇಸರ್ ಬಿಡುತ್ತಲೇ ಇರಬೇಕು. ನನಗೆ ಮಾತ್ರ ಈ ಸೋರಿಕೆ ಇಷ್ಟ. ಸೋರಿದ ಬೆಳಕನ್ನೇ ಅಲ್ವಾ ಕ್ಯಾಮೆರಾ ಹಿಡಿಯುವುದು? ಒಳಗೆ ಹರಿವು ಹೇಗಿದೆಯೋ ಹಾಗೇ ಹೊರಗೆ ಚಿತ್ರ.

ಈಗ ಕಂಬದ ವಿಷಯ. ಕನ್ನಡಿ ಬೆಳೆಸುವಾಗ ಅಲ್ಲಲ್ಲಿ ಕೆಲವು ಮೈಕ್ರೊಮೀಟರಿನ ದೋಷ ಉಳಿಯುತ್ತದೆ. ಬೇರೆಯವರು ಬೈಯುವ ಆ ದೋಷವನ್ನು ನಾವು ಹುಡುಕಿಕೊಂಡು ಹೋಗುತ್ತೇವೆ, ಅದೇ ನಮ್ಮ ಸೇತುವೆ ಕಂಬ. ಲೇಸರ್ ಮಂದವಾಗಿದ್ದಾಗ ಹರಿವು ದೋಷಕ್ಕೆ ಬಡಿದು, ಅದರ ಮುಂದೆ ಬಿಲ್ಲಿನಂತೆ ಬಾಗಿದ ಗೆರೆಗಳು ಏಳುತ್ತವೆ. ಪವರ್ ನಿಧಾನಕ್ಕೆ ಏರಿಸಿ. ಕಣಗಳು ಜಾಸ್ತಿಯಾದಂತೆ ತಳ್ಳಾಟ ಜಾಸ್ತಿ, ತಳ್ಳಾಟ ಜಾಸ್ತಿಯಾದಂತೆ ಆ ದ್ರವದಲ್ಲಿ ಸದ್ದು ಓಡುವ ವೇಗವೂ ಜಾಸ್ತಿ. ಆ ವೇಗ ಹರಿವಿನ ವೇಗವನ್ನು ಮೀರಿದ್ದೇ ತಡ, ಗೆರೆಗಳೆಲ್ಲ ಮಾಯ. ದೋಷ ಅಲ್ಲೇ ಇದೆ, ಹರಿವು ಅದನ್ನು ಸವರಿಕೊಂಡು ಹೋಗುತ್ತದೆ, ಒಂದು ಅಲೆಯೂ ಇಲ್ಲ. ತೀರಾ ತಣ್ಣಗಾದಾಗ ತಡೆಯಿಲ್ಲದೆ ಹರಿಯುವ ದ್ರವ ಹೀಲಿಯಂಗಾಗಿ ಸೋವಿಯತ್ ಭೌತವಿಜ್ಞಾನಿ ಲಾಂಡೌ ಹಾಕಿದ ಲೆಕ್ಕವೇ ಇಲ್ಲೂ ನಡೆಯುತ್ತದೆ, ಪ್ಯಾರಿಸಿನ ತಂಡ 2009ರಲ್ಲಿ ಇದನ್ನು ಚಿತ್ರ ಸಮೇತ ತೋರಿಸಿತು.

ಒಮ್ಮೆ ನನ್ನ ಗೆರೆಗಳು ಎಷ್ಟು ಪವರ್ ಕೊಟ್ಟರೂ ಹೋಗಲಿಲ್ಲ. ಎರಡು ದಿನ ಲೆಕ್ಕ ತಿದ್ದಿದೆ. ಕೊನೆಗೆ ನೋಡಿದರೆ ಅದು ಹರಿವಿನದ್ದಲ್ಲ, ಲೆನ್ಸಿನ ಮೇಲಿನ ಕಲೆಯ ಸುತ್ತ ಎದ್ದ ಉಂಗುರಗಳು. ಮಳೆಗಾಲ ಪೂರ್ತಿ ಉಡುಪಿಯ ಮನೆ ಕಪಾಟಿನಲ್ಲಿ ಬಿದ್ದಿದ್ದ ಲೆನ್ಸ್, ನಾನೇ ಊರಿಂದ ಬರುವಾಗ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದು. ಬೂಷ್ಟು ಹಿಡಿದಿತ್ತು.