ಮೂರು ಅನಾರ್ಕಲಿಗಳ ನಡುವೆ ಸುಲೋಚನಾ

1913ರಲ್ಲಿ ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆಯುವಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣೇ ಸಿಗಲಿಲ್ಲ. ಕೊನೆಗೆ ಸೀರೆ ಉಟ್ಟು ನಿಂತದ್ದು ಹೋಟೆಲ್ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ. ಅದೇ ವರ್ಷ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ನಟಿಸಿದರು. ಆದರೂ ಮರ್ಯಾದಸ್ಥರ ಮನೆಯ ಹೆಣ್ಣು ಕ್ಯಾಮೆರಾ ಮುಂದೆ ಬರಬಾರದೆಂಬ ಕಟ್ಟು ಸಡಿಲವಾಗಲಿಲ್ಲ. ನಮ್ಮ ನಾಟಕ ಕಂಪನಿಗಳಲ್ಲೂ ಗಂಡಸರೇ ಸ್ತ್ರೀಪಾತ್ರ ಹಾಕುತ್ತಿದ್ದ ಕಾಲ ಅದು.

ಆ ಖಾಲಿ ಜಾಗಕ್ಕೆ ಧೈರ್ಯ ಮಾಡಿ ಬಂದವರಲ್ಲಿ ಆಂಗ್ಲೋ-ಇಂಡಿಯನ್ ಮತ್ತು ಯೆಹೂದಿ ಹೆಣ್ಣುಮಕ್ಕಳು ಹಲವರು. ರೆನೀ ಸ್ಮಿತ್ ಸೀತಾದೇವಿಯಾದರು. ಪುಣೆಯಲ್ಲಿ 1907ರಲ್ಲಿ ಹುಟ್ಟಿದ, ಬಾಗ್ದಾದಿ ಯೆಹೂದಿ ಮನೆತನದ ರೂಬಿ ಮೈಯರ್ಸ್ ಸುಲೋಚನಾ ಆದರು. (ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ಕ್ಕೂ ಇವರಿಗೂ ನಂಟಿಲ್ಲ.)

ರೂಬಿ ಟೆಲಿಫೋನ್ ಆಪರೇಟರ್ ಆಗಿದ್ದರು. ಕೊಹಿನೂರ್ ಸಿನಿಮಾ ಕಂಪನಿಯ ಮೋಹನ್ ಭವನಾನಿ ನಟಿಸಲು ಕರೆದಾಗ ಮೊದಲು ಒಲ್ಲೆ ಎಂದರು, ಆಮೇಲೆ ಒಪ್ಪಿದರು. ಅಲ್ಲಿಂದ ಅವರ ಏರಿಕೆಯ ವೇಗವೇ ಬೆರಗು. 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಎಂಟು ವೇಷ: ತೋಟದ ಮಾಲಿ, ಪೊಲೀಸ್, ಹೈದರಾಬಾದಿ ಸಾಹೇಬ, ಬಾಳೆಹಣ್ಣು ಮಾರುವ ಮುದಿಜೀವ, ಹೊಂಗೂದಲ ಯುರೋಪಿಯನ್ ಹೆಣ್ಣು... ಒಂದೇ ಮೈ ಗಂಡಾಗಿ ಹೆಣ್ಣಾಗಿ, ಮುದಿಯಾಗಿ ಎಳೆಯದಾಗಿ ಕಾಣಬೇಕು, ಅದೂ ಒಂದು ಮಾತಿನ ನೆರವೂ ಇಲ್ಲದೆ. ಮೂಕಿ ಚಿತ್ರದಲ್ಲಿ ನಡಿಗೆಯೇ ಸಂಭಾಷಣೆ, ಕಣ್ಣೇ ದನಿ. ಗಂಡಸು ಸೀರೆಯುಟ್ಟು ನಿಂತ ಹದಿನಾಲ್ಕೇ ವರ್ಷಕ್ಕೆ ಹೆಣ್ಣೊಬ್ಬಳು ಗಂಡಸಿನ ವೇಷ ತೊಟ್ಟು ಚಿತ್ರಮಂದಿರ ತುಂಬಿಸಿದಳು! ಈ ತಿರುವು ನಮ್ಮ ಸಿನಿಮಾ ಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು ಎಂದೇ ನನ್ನ ನಂಬಿಕೆ.

1928ರಲ್ಲಿ ಇಂಪೀರಿಯಲ್ ಕಂಪನಿಯ 'ಅನಾರ್ಕಲಿ' ಬಂತು, ಮೊಘಲ್ ರಾಜಕುಮಾರ ಸಲೀಮನ ಪ್ರೇಯಸಿಯ ಕತೆ. ನಾಯಕಿ ಸುಲೋಚನಾ. ಅದೇ ಕತೆಯನ್ನು ಸೀತಾದೇವಿಯನ್ನಿಟ್ಟುಕೊಂಡು ಬೇರೆಯವರೂ ತೆಗೆಯುತ್ತಿದ್ದರು. ಇಂಪೀರಿಯಲ್ ಸರಸರನೆ ಮುಗಿಸಿ ಮೊದಲು ತೆರೆಗೆ ತಂದಿತು. 'ಮಾಧುರಿ', 'ಇಂದಿರಾ ಬಿ.ಎ.' ಕೂಡ ಆ ಹೊತ್ತಿನವೇ. ಸುಲೋಚನಾ ಸಂಬಳ ಬೊಂಬಾಯಿ ಗವರ್ನರನ ಸಂಬಳಕ್ಕಿಂತ ಹೆಚ್ಚು ಎಂದು ಜನ ಮಾತಾಡಿಕೊಳ್ಳುತ್ತಿದ್ದರಂತೆ.

1931ರ ಮಾರ್ಚ್ 14ರಂದು ಅದೇ ಇಂಪೀರಿಯಲ್ ಕಂಪನಿಯ 'ಆಲಂ ಆರಾ' ಬಿಡುಗಡೆಯಾಯಿತು. ನಾಯಕಿ ಜುಬೇದಾ. ಸಿನಿಮಾಕ್ಕೆ ಮಾತು ಬಂತು. ರೂಬಿಗೆ ಹಿಂದೂಸ್ತಾನಿ ಸಲೀಸಾಗಿ ಬರುತ್ತಿರಲಿಲ್ಲ. ಯಾವ ಹಿನ್ನೆಲೆ ಅವರಿಗೆ ಸ್ಟುಡಿಯೋ ಬಾಗಿಲು ತೆರೆದಿತ್ತೋ ಅದೇ ಈಗ ಅಡ್ಡ ನಿಂತಿತು. ಚೆಲುವು ಕುಂದಿರಲಿಲ್ಲ, ಅಭಿನಯ ಮಾಸಿರಲಿಲ್ಲ, ವಯಸ್ಸು ಇನ್ನೂ 24. ಅವರು ಸುಮ್ಮನೆ ಕೂರಲಿಲ್ಲ. ಕೆಲಸ ಬಿಟ್ಟು ಒಂದು ವರ್ಷ ಭಾಷೆ ಕಲಿತರು. 1932ರಲ್ಲಿ ಟಾಕಿಯಾಗಿ ಮರಳಿದ 'ಮಾಧುರಿ'ಯಲ್ಲಿ ಅವರದೇ ದನಿ. 1935ರಲ್ಲಿ 'ಅನಾರ್ಕಲಿ' ಮಾತಾಡಿದಳು, ಆಗಲೂ ನಾಯಕಿ ಸುಲೋಚನಾ. ನಾಯಕನಟ ಡಿ. ಬಿಲಿಮೋರಿಯಾ ಜೊತೆಗಿನ ಜೋಡಿ ಆ ದಶಕದುದ್ದಕ್ಕೂ ನಡೆಯಿತು. ರೂಬಿ ಪಿಕ್ಸ್ ಎಂಬ ಸ್ವಂತ ಸಂಸ್ಥೆಯನ್ನೂ ಕಟ್ಟಿದರು.

ಆಮೇಲೆ ಹೊಸ ಮುಖಗಳು, ಹೊಸ ಹಾಡುಗಳು. ಸುಲೋಚನಾಗೆ ಸಣ್ಣಪುಟ್ಟ ಪಾತ್ರಗಳು. ಫಾಲ್ಕೆಯವರ ಹೆಸರಿನ ಪ್ರಶಸ್ತಿ 1973ರ ಸಾಲಿನಲ್ಲಿ ಅವರಿಗೆ ಸಂದಿತು. ಹತ್ತು ವರ್ಷದ ಬಳಿಕ, 1983ರಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು. ಅವರ ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಉಳಿದಿಲ್ಲ.

ಉಳಿದಿರುವುದು 1953ರ 'ಅನಾರ್ಕಲಿ'. ಅದರಲ್ಲಿ ಅನಾರ್ಕಲಿ ಬೀನಾ ರಾಯ್. ಸಲೀಮನ ತಾಯಿ ಜೋಧಾಬಾಯಿಯಾಗಿ ಬರುವವರು ಸುಲೋಚನಾ.